ಇಂಚಕ್ಕನ ಅರ್ಧ ಗಂಟೆ

ಇಂಚಕ್ಕನನ್ನು ನಾನು ಮೊದಲ ಸಲ ನೋಡಿದಾಗ ಅವಳ ಅಂಗೈಯಲ್ಲಿ ಅವಳದೇ ಹಲ್ಲಿತ್ತು. ಹಳೇ ಪತ್ರಿಕೆಯ ಚೂರಿನಲ್ಲಿ ಅದನ್ನು ಸುತ್ತಿ ಹಿಡಿದುಕೊಂಡು, ಗಲ್ಲದಿಂದ ಕುತ್ತಿಗೆಯವರೆಗೆ ರಕ್ತ ಇಳಿಸಿಕೊಂಡು, ನಮ್ಮ ಹಲ್ಲಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದಳು. ಏನಾಯಿತಮ್ಮ ಎಂದು ಡಾಕ್ಟರು ಕೇಳಿದರು.

"ಗಂಡ ಹೊಡೆದ."

"ಅವನೆಲ್ಲಿ ಈಗ?"

"ದೊಡ್ಡಾಸ್ಪತ್ರೇಲಿ. ಕೈಗೆ ಪಟ್ಟಿ ಹಾಕ್ತಾ ಇದಾರೆ. ಮೂಳೆ ಎರಡು ಕಡೆ ಹೋಗಿದೆಯಂತೆ."

ಸೈಕಲ್ ಪಂಪಿನಿಂದ ಬಾರಿಸಿದ್ದಳಂತೆ. ಹೇಳುವಾಗ ದನಿಯಲ್ಲಿ ಹೆಮ್ಮೆಯೂ ಇರಲಿಲ್ಲ, ಪಶ್ಚಾತ್ತಾಪವಂತೂ ಇರಲೇ ಇಲ್ಲ. ಆ ಹಲ್ಲು ಮತ್ತೆ ಕೂರಲಿಲ್ಲ. ಅದರ ಜಾಗಕ್ಕೆ ಕಟ್ಟುಹಲ್ಲು ಮಾಡಿಕೊಟ್ಟವನು ನಾನು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅಚ್ಚು ಎರೆದು, ಉಜ್ಜಿ, ಹಲ್ಲಿನ ಸೆಟ್ ಮಾಡುವುದು ನನ್ನ ಕಸುಬು. ದಿನವಿಡೀ ಮೈಮೇಲೆ ಬಿಳಿ ಪುಡಿ ಬಿದ್ದಿರುವುದರಿಂದ ಎಲ್ಲರೂ ಸುಣ್ಣದಣ್ಣ ಎನ್ನುತ್ತಾರೆ. ಸುಣ್ಣಕ್ಕೂ ನನಗೂ ಸಂಬಂಧವಿಲ್ಲ ಎಂದು ಹೇಳಿ ಹೇಳಿ ಬಾಯಿ ನೋಯಿಸಿಕೊಂಡು ಬಿಟ್ಟುಬಿಟ್ಟಿದ್ದೇನೆ.

ಅದೇ ವಾರ ಡಾಕ್ಟರ ಸಹಾಯಕಿ ಕೆಲಸ ಬಿಟ್ಟಿದ್ದಳು. ಒಬ್ಬ ರೋಗಿ ಅವಳ ಬೆರಳನ್ನು ಮೂಳೆ ಕಾಣುವಂತೆ ಕಚ್ಚಿದ್ದ. ಡಾಕ್ಟರು ಪಾಪದವರು, ಒಬ್ಬರೇ ಒದ್ದಾಡುತ್ತಿದ್ದರು. ಅಚ್ಚು ಒಣಗುವವರೆಗೆ ಸುಮ್ಮನೆ ಕುಳಿತಿದ್ದ ಇವಳನ್ನು ಕರೆದು, "ಈ ಪೈಪು ಒಂದು ನಿಮಿಷ ಹಿಡ್ಕೊಳ್ಳಮ್ಮ" ಅಂದರು. ಹಿಡಿದುಕೊಂಡಳು. ಹತ್ತೊಂಬತ್ತು ವರ್ಷ ಬಿಡಲಿಲ್ಲ.

ಗಂಡ ಒಂದೇ ಒಂದು ಸಲ ಬಂದು ಗೇಟಿನ ಹತ್ತಿರ ಕೂಗಾಡಿದ. ಇವಳು ಉಪಕರಣ ಇಡುವ ಸ್ಟೀಲ್ ಟ್ರೇ ಹಿಡಿದು ಹೊರಗೆ ಹೋದಳು. ಅವನು ತನ್ನ ಇನ್ನೊಂದು ಕೈಯನ್ನು ನೋಡಿಕೊಂಡ, ಅಲ್ಲಿಂದ ಕಾಲು ಕಿತ್ತ.

ಆ ಪೈಪಿನ ವಿಷಯ ಹೇಳಲೇಬೇಕು. ಹಲ್ಲು ಕೊರೆಯುವ ಡ್ರಿಲ್ ಬಿಸಿಯಾಗದಿರಲಿ ಎಂದು ಅದರ ತುದಿಯಿಂದ ನೀರು ಚಿಮ್ಮುತ್ತದೆ. ತಿರುಗುವ ವೇಗಕ್ಕೆ ಆ ನೀರು ಪುಡಿಪುಡಿಯಾಗಿ, ಬಾಯಿಯ ಉಗುಳು, ರಕ್ತ, ಹಲ್ಲಿನ ಹುಡಿ ಎಲ್ಲವನ್ನೂ ಸೇರಿಸಿಕೊಂಡು ಮೇಲೇಳುತ್ತದೆ. ದಪ್ಪ ಹನಿ ಅಲ್ಲೇ ಬೀಳುತ್ತದೆ. ಸಣ್ಣದು ಕಣ್ಣಿಗೆ ಕಾಣದ ಹಾಗೆ ಗಾಳಿಯಲ್ಲೇ ತೇಲಿಕೊಂಡಿದ್ದು ಬಂದವರ ಮೂಗಿಗೆ ಹೋಗುತ್ತದೆ. ಅದನ್ನು ಹುಟ್ಟಿದ ಜಾಗದಲ್ಲೇ ಎಳೆದುಕೊಳ್ಳುವುದು ಹೆಬ್ಬೆರಳಿನಷ್ಟು ಅಗಲ ಬಾಯಿಯ ದಪ್ಪ ಪೈಪು. ಆದರೆ ಅದು ಹಲ್ಲಿನಿಂದ ಒಂದಿಂಚಿನೊಳಗೆ ಇರಬೇಕು, ದೂರ ಹೋದರೆ ಇದ್ದೂ ಇಲ್ಲದ ಹಾಗೆ. "ಇಂಚು, ಡಾಕ್ಟ್ರೇ, ಇಂಚು" ಎಂದು ದಿನಕ್ಕೆ ನೂರು ಸಲ ಅನ್ನುತ್ತಿದ್ದಳು. ಹೆಸರು ಹಾಗೆ ಅಂಟಿಕೊಂಡಿತು.

ಮೊದಲು ಡಾಕ್ಟರು ಇದನ್ನೆಲ್ಲ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೀರು ಬಾಯಲ್ಲೇ ಬೀಳುತ್ತದೆ ಬಿಡಮ್ಮ ಅನ್ನುತ್ತಿದ್ದರು. ಅವಳು ಬಿಡುವ ಜಾತಿಯಲ್ಲ. ಒಂದು ರಜೆಯ ಮಧ್ಯಾಹ್ನ ನಮ್ಮಿಬ್ಬರನ್ನೂ ಕರೆಸಿ, ಕುರ್ಚಿಯ ನೀರಿನ ಬಾಟಲಿಗೆ ಕೆಂಪು ಬಣ್ಣ ಕಲಸಿದಳು. ನನ್ನ ಅಚ್ಚಿನ ದವಡೆಯೊಂದಕ್ಕೆ ಕಿತ್ತ ಹಲ್ಲುಗಳನ್ನು ಕೂರಿಸಿ, ಗೋಡೆಗೆಲ್ಲ ಬಿಳಿ ಬೆಡ್‌ಶೀಟು ತೂಗುಹಾಕಿ, "ಈಗ ಕೊರೀರಿ, ಹತ್ತು ನಿಮಿಷ" ಅಂದಳು. ದಪ್ಪ ಪೈಪು ಹಾಕಲಿಲ್ಲ.

ಹತ್ತು ನಿಮಿಷವಾದ ಮೇಲೆ ಡಾಕ್ಟರ ಕನ್ನಡಕ, ಕಿವಿ, ಕತ್ತು ಎಲ್ಲ ಕೆಂಪು. ಗೋಡೆಯ ಗಡಿಯಾರದ ಮೇಲೆ ಕೆಂಪು. ಬಾಗಿಲ ಪಕ್ಕದ ಕಪಾಟಿನಲ್ಲಿ ನಾನು ಕುಡಿದು ಅರ್ಧ ಇಟ್ಟಿದ್ದ ಟೀ ಲೋಟದ ಅಂಚಿನ ಮೇಲೂ ಕೆಂಪು. ಇಷ್ಟು ವರ್ಷ ಊರವರ ಉಗುಳು ಕುಡಿದಿದ್ದೇನೆ! ಅಷ್ಟರಲ್ಲಿ ಕಸ ಗುಡಿಸುವ ಹೆಂಗಸು ಒಳಗೆ ಇಣುಕಿ, ಡಾಕ್ಟರ ಅವತಾರ ನೋಡಿ, ಕೊಲೆ ಕೊಲೆ ಎಂದು ಚೀರಿಕೊಂಡು ಬೀದಿಗೆ ಓಡಿದಳು. ಅವಳನ್ನು ಸಮಾಧಾನ ಮಾಡಿ ಕರೆತರುವಷ್ಟರಲ್ಲಿ ಸಾಕುಸಾಕಾಯಿತು. ಬೆಡ್‌ಶೀಟು ಬದಲಿಸಿ ದಪ್ಪ ಪೈಪನ್ನು ಒಂದಿಂಚಿಗೆ ಹಿಡಿದು ಮತ್ತೆ ಕೊರೆಸಿದಳು. ಈ ಸಲ ಕುರ್ಚಿಯ ಸುತ್ತ ನಾಲ್ಕು ಚುಕ್ಕಿ, ಅಷ್ಟೇ. ಡಾಕ್ಟರು ಕನ್ನಡಕ ಒರೆಸಿಕೊಂಡರು.

ಅಂದಿನಿಂದ ಅವಳದೇ ದರ್ಬಾರು. ಕೊರೆಯುವ ಮುಂಚೆ ರೋಗಿ ಔಷಧಿಯ ನೀರಿನಲ್ಲಿ ಗಡಿಯಾರ ನೋಡಿಕೊಂಡು ಒಂದು ನಿಮಿಷ ಬಾಯಿ ಮುಕ್ಕಳಿಸಬೇಕು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಬೇಕು, ಕೆಲಸದ ಹಲ್ಲೊಂದೇ ಹೊರಗೆ. ಕೊರೆದಾದ ಮೇಲೆ ಕಿಟಕಿ ತೆಗೆದು, ಗಾಳಿ ಹೊರಗೆಸೆಯುವ ಫ್ಯಾನು ಹಾಕಿ, ಬಾಗಿಲು ಮುಚ್ಚಬೇಕು. ಮಾಮೂಲಿ ರೋಗಿಯಾದರೆ ಕಾಲು ಗಂಟೆ, ಕೆಮ್ಮುವವರಾದರೆ ಅರ್ಧ ಗಂಟೆ, ಯಾರೂ ಒಳಗೆ ಹೋಗುವ ಹಾಗಿಲ್ಲ. ಪೈಪು ಬರುವ ಮುಂಚೆ ಡಾಕ್ಟರು ಡ್ರಿಲ್ ಶುರುಮಾಡಿದರೆ ಬಾಯಿಯೊಳಗೆ ನೋಡುವ ಕನ್ನಡಿಯ ಹಿಡಿಯಿಂದ ಅವರ ಮಣಿಕಟ್ಟಿಗೇ ಬಾರಿಸುತ್ತಿದ್ದಳು. ರಬ್ಬರ್ ಹಾಳೆ ಕಿತ್ತೆಸೆದು ಮೇಲಕ್ಕೆ ಉಗಿದ ಒಬ್ಬ ಕಂಟ್ರಾಕ್ಟರನ ಕಪಾಳಕ್ಕೆ ಬಿಗಿದದ್ದನ್ನು ನಾನು ನನ್ನ ಕೋಣೆಯ ಗಾಜಿನ ಕಿಂಡಿಯಿಂದ ಕಣ್ಣಾರೆ ಕಂಡಿದ್ದೇನೆ. ಅವನು ಮುಂದಿನ ವಾರ ಹೆಂಡತಿಯನ್ನೂ ಇಲ್ಲಿಗೇ ಕರೆತಂದ.

ಅವಳ ಮೈಮೇಲೂ ಗುರುತು ಕಡಿಮೆಯಿರಲಿಲ್ಲ. ಕಚ್ಚಿದವರು, ಒದ್ದವರು, ನೋವಿಗೆ ಕೂದಲು ಹಿಡಿದು ಜಗ್ಗಿದವರು. ಕುಡಿದು ಬಂದವನೊಬ್ಬ ಮೊಣಕೈಯಿಂದ ಅವಳ ಪಕ್ಕೆಲುಬಿಗೆ ಕೊಟ್ಟಿದ್ದ, ಒಂದು ತಿಂಗಳು ಮಗ್ಗುಲು ಬದಲಿಸಲಾಗಲಿಲ್ಲ. ಎಡಗೈಯ ಪೈಪು ಮಾತ್ರ ಯಾರ ಏಟಿಗೂ ಅಲುಗಿದ್ದಿಲ್ಲ. ಆ ಎಡಗೈಯೇ ಅವಳ ಅನ್ನ. ಆ ಕೈ ಹೋದ ದಿನದ ವಿಷಯವನ್ನೇ ನಾನು ಹೇಳಹೊರಟಿರುವುದು.

ಅವತ್ತು ಬೆಳಿಗ್ಗೆ ಕುರ್ಚಿಯಲ್ಲಿ ಇದ್ದವಳು ಪಕ್ಕದ ಬೀದಿಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಹುಡುಗಿ. ಇಪ್ಪತ್ತೆರಡು ಇರಬಹುದು. ಡ್ರಿಲ್ ಅರ್ಧಕ್ಕೆ ಬಂದಾಗ ಅವಳಿಗೆ ಕೆಮ್ಮು ಶುರುವಾಯಿತು. ತಡೆದಳು, ತಡೆದಳು, ಆಗಲಿಲ್ಲ. ರಬ್ಬರ್ ಹಾಳೆ ಸರಿದುಹೋಯಿತು, ಎದೆಯ ಆಳದಿಂದ ಕೆಮ್ಮಿದಳು, ಪೈಪಿನೊಳಗೆ ರಕ್ತ ಹರಿಯಿತು. ಒಸಡಿನದಿರಬೇಕು ಎಂದರು ಡಾಕ್ಟರು. ಇಂಚಕ್ಕ ಹುಡುಗಿಯ ಮುಖವನ್ನೇ ನೋಡಿದಳು.

"ಏನು ಮಾತ್ರೆ ತಗೋತಾ ಇದೀಯಾ?"

ಹುಡುಗಿ ಅಳುತ್ತಾ ಹೇಳಿದಳು. ಕ್ಷಯ. ಮಾತ್ರೆ ಶುರುಮಾಡಿ ಹನ್ನೊಂದು ದಿನ. ಫಾರಂನಲ್ಲಿ ಬರೆದಿರಲಿಲ್ಲ. ಬರೆದಿದ್ದರೆ ಇವತ್ತು ಡ್ರಿಲ್ ಮುಟ್ಟುತ್ತಲೇ ಇರಲಿಲ್ಲ.

ಡಾಕ್ಟರು ಬೆಳ್ಳಗಾಗಿ ಬಚ್ಚಲಿಗೆ ಓಡಿ ಮುಖ ತೊಳೆಯಲು ನಿಂತರು. ತೊಳೆಯುತ್ತಲೇ ಇದ್ದರು. ಇಂಚಕ್ಕ ಹಲ್ಲಿನ ತೂತಿಗೆ ತಾನೇ ಹತ್ತಿ ತುಂಬಿ, ಕಿಟಕಿ ತೆಗೆದು, ಫ್ಯಾನು ಹಾಕಿ, ಹುಡುಗಿಯ ಮುಖಕ್ಕೆ ಮಾಸ್ಕ್ ಕಟ್ಟಿ, ತಲೆ ಸುತ್ತಿ ವಾಲುತ್ತಿದ್ದ ಅವಳನ್ನು ಹಿಂದಿನ ಓಣಿಯಿಂದ ನನ್ನ ಕೋಣೆಗೆ ತಂದಳು.

"ಸುಣ್ಣದಣ್ಣ, ತಲೆ ಸುತ್ತು ನಿಲ್ಲೋವರೆಗೂ ಇವಳು ಇಲ್ಲೇ ಮಲಗಿರ್ಲಿ. ಎರಡೂ ಕಿಟಕಿ ತೆಗಿ. ನೀನು ಹೊರಗಡೆ ನಿಲ್ಲು."

ಹುಡುಗಿ ಅವಳ ಕೈ ಬಿಡಲಿಲ್ಲ. "ಅಕ್ಕಾ, ಯಾರಿಗೂ ಹೇಳ್ಬೇಡಿ. ಹೊರಗೆ ನಮ್ಮ ಬೀದಿಯವರೇ ಕೂತಿದಾರೆ. ಗೊತ್ತಾದ್ರೆ ಕೆಲಸ ಹೋಗತ್ತೆ, ಮನೇನೂ ಖಾಲಿ ಮಾಡಿಸ್ತಾರೆ."

"ಹೇಳಲ್ಲ," ಅಂದಳು ಇಂಚಕ್ಕ. ಆಣೆಯಿಲ್ಲ, ಭಾಷೆಯಿಲ್ಲ. ಅಷ್ಟೇ ಮಾತು.

ಡ್ರಿಲ್ಲಿನ ಕೋಣೆಯ ಬಾಗಿಲು ಮುಚ್ಚಿದಾಗ ಹನ್ನೊಂದೂ ಹತ್ತು. ಹನ್ನೊಂದೂ ನಲವತ್ತಕ್ಕೆ ತೆಗೆಯಬೇಕು. ಅದಾಗಿ ಐದು ನಿಮಿಷಕ್ಕೆ ಇಬ್ಬರು ಅಣ್ಣತಮ್ಮಂದಿರು ಬಂದರು.

ಅಣ್ಣ ವಾಚ್ ರಿಪೇರಿ ಮಾಡುವವನು. ಸಣಕಲು, ಮುಖಕ್ಕೆ ಮಾಸ್ಕ್, ಎಡಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ತಮ್ಮ ಮಾರುಕಟ್ಟೆಯಲ್ಲಿ ಲಾರಿಗೆ ಮೂಟೆ ಹೊರುವವನು, ಎಲ್ಲರೂ ಅವನನ್ನು ಮೂಟೆ ಎಂದೇ ಕರೆಯುವುದು. ಬಾಗಿಲಲ್ಲಿ ನಿಂತರೆ ಬೆಳಕು ಬರುತ್ತಿರಲಿಲ್ಲ. ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಇಂಚಕ್ಕನ ಮುಂದೆ ಹಿಡಿದ.

"ಅಣ್ಣಂಗೆ ಕಿಡ್ನಿ ಹಾಕಿ ಎಂಟು ತಿಂಗಳು. ಹಲ್ಲಲ್ಲಿ ಕೀವು ತುಂಬಿದೆ, ಇವತ್ತೇ ತೆಗೀಬೇಕು, ಇಲ್ಲಾಂದ್ರೆ ಕಿಡ್ನಿಗೆ ಇಳಿಯತ್ತೆ ಅಂತ ಬರೆದಿದಾರೆ. ನನ್ನ ಕಿಡ್ನಿ ಕಣ್ರೀ ಅದು!" ಅಂಗಿ ಎತ್ತಿ ಹೊಟ್ಟೆಯ ಪಕ್ಕದ ಉದ್ದ ಹೊಲಿಗೆ ತೋರಿಸಿದ.

ಇಂಚಕ್ಕ ಚೀಟಿಯನ್ನು ಪೂರ್ತಿ ಓದಿದಳು. ಹೊಸ ಕಿಡ್ನಿಯನ್ನು ದೇಹ ತಳ್ಳದಿರಲಿ ಎಂದು ಕೊಡುವ ಮಾತ್ರೆಯ ಹೆಸರು ಅದರಲ್ಲಿತ್ತು. ಆ ಮಾತ್ರೆ ನುಂಗುವವರ ಮೈಗೆ ಯಾವ ಕಾಯಿಲೆಯನ್ನೂ ಎದುರಿಸುವ ಕಸುವಿರುವುದಿಲ್ಲ. ನಮಗೆ ನಿಮಗೆ ಏನೂ ಮಾಡದ ಗಾಳಿ ಅವನನ್ನು ಮುಗಿಸಬಹುದು. ಅವಳ ಮುಖ ಗಟ್ಟಿಯಾಯಿತು.

"ತೆಗೀತಾರೆ. ಹನ್ನೊಂದೂ ನಲವತ್ತಕ್ಕೆ. ಅಲ್ಲೀವರೆಗೂ ಇವರನ್ನ ಹೊರಗೆ ಮರದ ಕೆಳಗೆ ಕೂರಿಸಿ."

"ಒಳಗೆ ಯಾರಿದಾರೆ?"

"ಯಾರೂ ಇಲ್ಲ."

"ಯಾರೂ ಇಲ್ದಿರೋ ರೂಮಿಗೆ ಯಾಕೆ ಕಾಯ್ಬೇಕು?"

"ಗಾಳಿ ಚೆನ್ನಾಗಿಲ್ಲ. ಹೋಗ್ಬೇಕು ಅದು."

"ಗಾಳಿಯಂತೆ!" ಮೂಟೆ ಬೆಂಚಿನ ಮೇಲಿದ್ದವರ ಕಡೆ ತಿರುಗಿದ. "ಕೇಳಿದ್ರಾ? ನಮ್ಮಣ್ಣ ಮೂರು ದಿನದಿಂದ ನಿದ್ದೆ ಮಾಡಿಲ್ಲ, ಇವಳಿಗೆ ಗಾಳಿ ಚಿಂತೆ!" ಬೆಂಚಿನವರಿಗೂ ಇವಳ ಬಾಗಿಲು ಮುಚ್ಚುವ ಹುಚ್ಚಿನ ಮೇಲೆ ಮುನಿಸಿತ್ತು. ಒಬ್ಬಳು, "ದಿನಾ ಇದೇ ಗೋಳು" ಎಂದು ಬೆಂಕಿಗೆ ತುಪ್ಪ ಸುರಿದಳು. ಆ ಹೆಂಗಸು ಹುಡುಗಿಯ ಬೀದಿಯವಳೇ. ಒಳಗೆ ಹೋದ ಹುಡುಗಿ ಯಾಕೆ ಇನ್ನೂ ಹೊರಗೆ ಬಂದಿಲ್ಲ ಎಂದು ಹೊಂಚುಹಾಕುತ್ತಿದ್ದಳು. ಕಾಯಿಲೆ ಎಂಬ ಒಂದು ಮಾತು ಬಿದ್ದಿದ್ದರೆ ಸಾಕಿತ್ತು.

ಹನ್ನೊಂದೂ ಇಪ್ಪತ್ತೆರಡಕ್ಕೆ ಮೂಟೆ ಅವಳ ಭುಜ ಹಿಡಿದು ಪಕ್ಕಕ್ಕೆ ತಳ್ಳಿದ. ಅವಳು ಮತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವನು ಕೆನ್ನೆಗೆ ಹೊಡೆದ. ನಾನು ಮಾಡಿದ್ದ ಕಟ್ಟುಹಲ್ಲು ನೆಲದ ಮೇಲೆ ಟಣ್ಣೆಂದು ಬಿತ್ತು. ಅವಳು ಟ್ರೇ ಎತ್ತಿ ಅವನ ಹುಬ್ಬಿಗೆ ಕೊಟ್ಟಳು, ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಇನ್ನೇನು ಬೇಕು! ಅವನ ಪಿತ್ತ ನೆತ್ತಿಗೇರಿತು. ಜಡೆ ಹಿಡಿದು ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಒಂದಲ್ಲ, ಎರಡಲ್ಲ. ಅವಳು ಅವನ ಮುಂಗೈಯನ್ನು ಕಚ್ಚಿ ಹಿಡಿದಳು. ಹೊಟ್ಟೆಗೆ ಗುದ್ದಿದ ಮೇಲೇ ಬಿಟ್ಟದ್ದು. ಅಣ್ಣ ಹೊರಗಿನಿಂದ ಓಡಿಬಂದು, "ಬಿಡೋ, ಕಾಯೋಣ ಕಣೋ, ನಂಗೆ ನೋವಿಲ್ಲ" ಅಂತಿದ್ದ. ಅವನ ದನಿ ಮಾಸ್ಕಿನಲ್ಲೇ ಉಳಿಯಿತು.

ನಾನು ಏನು ಮಾಡುತ್ತಿದ್ದೆ? ಅಚ್ಚು ಒಡೆಯುವ ಸುತ್ತಿಗೆ ಕೈಯಲ್ಲಿ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಹುಡುಗಿಯನ್ನು ಕಾಯುತ್ತಿದ್ದೆ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡಿದ್ದೇನೆ. ಸುಳ್ಳು. ಹೆದರಿದ್ದೆ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೂಟೆ ಬಾಗಿಲಿಗೆ ಒದ್ದ. ಚಿಲಕ ಕಿತ್ತುಬಂದು ಬಾಗಿಲು ಒಂದು ಗೇಣು ಒಳಕ್ಕೆ ತೆರೆದುಕೊಂಡಿತು. ಇಂಚಕ್ಕ ನೆಲದಿಂದ ಎದ್ದು ಬಲಗೈಯಲ್ಲಿ ಹಿಡಿಯನ್ನೂ, ಎಡಗೈಯಲ್ಲಿ ಬಾಗಿಲಿನ ಅಂಚನ್ನೂ ಹಿಡಿದು ಮೈಭಾರವೆಲ್ಲ ಹಾಕಿ ತನ್ನ ಕಡೆಗೆ ಎಳೆದಳು. ಬಾಗಿಲು ಮುಚ್ಚಿತು. ಎಡಗೈ ಬೆರಳು ತೆಗೆಯಲು ಸಮಯವಿರಲಿಲ್ಲ. ಮುರಿದ ಸದ್ದು ನನ್ನ ಕೋಣೆಯವರೆಗೂ ಕೇಳಿತು. ಅವಳು ಕೂಗಲಿಲ್ಲ, ಬಾಗಿಲನ್ನೂ ಸಡಿಲ ಬಿಡಲಿಲ್ಲ. ಅವನು ಅವಳ ಬೆನ್ನಿಗೆ ಒದೆಯುತ್ತಿದ್ದ. ಅವಳು ಬಾಗಿಲ ಮೇಲಿನ ಗಡಿಯಾರ ನೋಡುತ್ತಿದ್ದಳು. ಹನ್ನೊಂದೂ ಮೂವತ್ತೊಂದು.

ನನಗೆ ತಡೆಯಲಾಗಲಿಲ್ಲ. ಓಡಿಬಂದು ಕಿರುಚಿದೆ: "ಬಿಡೋ ಅವಳನ್ನ! ಯಾಕೆ ಅಂತ ನಾನು ಹೇಳ್ತೀನಿ! ಒಳಗಿದ್ದದ್ದು ಆ ಹೊಲಿಯೋ..."

ಇಂಚಕ್ಕ ಬೆರಳು ಕಿತ್ತುಕೊಂಡು, ನೆಲದ ಮೇಲಿದ್ದ ಟ್ರೇಯನ್ನು ಬಲಗೈಯಿಂದ ಎತ್ತಿ ನನ್ನ ಬಾಯಿಗೆ ಎಸೆದಳು. ಗುರಿ ತಪ್ಪಲಿಲ್ಲ. ನನ್ನ ಮುಂದಿನ ಹಲ್ಲು ಅರ್ಧಕ್ಕೆ ಮುರಿದು ತುಟಿಗೆ ಚುಚ್ಚಿಕೊಂಡಿತು, ಬಾಯಿ ತುಂಬ ರಕ್ತ ತುಂಬಿ ಮಾತು ಅಲ್ಲೇ ನಿಂತಿತು. ಮೂಟೆಗೆ ಕೊಟ್ಟದ್ದಕ್ಕಿಂತ ಜೋರಾಗಿಯೇ ಕೊಟ್ಟಿದ್ದಳು ನನಗೆ.

ಮೂಟೆಯ ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ತನ್ನನ್ನು ಬಿಡಿಸಲು ಬಂದವನ ಹಲ್ಲನ್ನೇ ಉದುರಿಸುವ ಹೆಂಗಸನ್ನು ಅವನು ಕಂಡಿರಲಿಲ್ಲ. "ಇವಳಿಗೆ ತಲೆ ಕೆಟ್ಟಿದೆ" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಅಣ್ಣ ಆಗ ಅವನ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಆ ಸಣಕಲು ದೇಹಕ್ಕೆ ಅಷ್ಟು ಬಲ ಎಲ್ಲಿಂದ ಬಂತೋ. ಅಣ್ಣನ ಹೊಲಿಗೆಯ ಜಾಗ ಬಿಚ್ಚಿಹೋದೀತೆಂದು ತಮ್ಮ ಕೊಸರಿಕೊಳ್ಳಲೂ ಹೆದರಿದ. ಹಾಗೆ ಎಂಟು ನಿಮಿಷ ಕಳೆಯಿತು. ಇಂಚಕ್ಕ ಜಜ್ಜಿದ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು, ಬಲಗೈಯಲ್ಲಿ ಬಾಗಿಲಿನ ಹಿಡಿಯನ್ನು ಎಳೆದು ಹಿಡಿದು ಚೌಕಟ್ಟಿಗೆ ಒರಗಿ ನಿಂತಿದ್ದಳು.

ಹನ್ನೊಂದೂ ನಲವತ್ತಕ್ಕೆ ಅವಳೇ ಬಾಗಿಲು ತೆಗೆದಳು. ಕುರ್ಚಿ, ದೀಪದ ಹಿಡಿ, ಕೈಯಿಡುವ ಜಾಗ ಎಲ್ಲವನ್ನೂ ಬಲಗೈಯಿಂದ ಔಷಧಿ ಹಾಕಿ ಒರೆಸಿದಳು. ಬಚ್ಚಲಿನ ಬಾಗಿಲು ಬಡಿದು, "ಡಾಕ್ಟ್ರೇ, ಮುಖ ಸವೆದು ಹೋಗತ್ತೆ, ಬನ್ನಿ" ಅಂದಳು. ಅಣ್ಣನನ್ನು ಕೂರಿಸಿ, ಲೋಟ ಕೊಟ್ಟು, ಒಂದು ನಿಮಿಷ ಮುಕ್ಕಳಿಸಿ ಅಂದಳು. ಅವನು ಮುಕ್ಕಳಿಸುವಾಗ ಅವಳ ಕೈಯಿಂದ ತೊಟ್ಟಿಕ್ಕುತ್ತಿದ್ದ ರಕ್ತವನ್ನೇ ನೋಡುತ್ತಿದ್ದ. ಹಲ್ಲು ಕಿತ್ತು ಕೀವು ತೆಗೆದರು. ಪೈಪನ್ನು ಬಲಗೈಯಲ್ಲಿ ಹಿಡಿದಳು, ಒಂದಿಂಚಿಗೆ. ಅಣ್ಣನನ್ನು ಕೆಳಗಿಳಿಸಿದ ಮೇಲೇ ಮೂರ್ಛೆ ಹೋದಳು.

ಮೂರು ಬೆರಳು ಕೂಡಿಕೊಳ್ಳಲಿಲ್ಲ. ಎಡಗೈ ಮತ್ತೆ ಪೈಪು ಹಿಡಿಯಲಿಲ್ಲ. ಬಲಗೈಯಲ್ಲಿ ಹಿಡಿದರೆ ಡಾಕ್ಟರ ಕೈಗೆ ಅಡ್ಡ ಬರುತ್ತದೆ. ಕೊನೆಗೆ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಗಡಿಯಾರ ಕಾಯುವುದೂ, ಹೊಸದಾಗಿ ಬಂದವಳಿಗೆ ಇಂಚು ಇಂಚು ಎಂದು ಬೈಯುವುದೂ ಅವಳ ಕೆಲಸವಾಯಿತು. ಪೊಲೀಸರಿಗೆ ದೂರು ಕೊಡಲು ಒಪ್ಪಲಿಲ್ಲ. "ಯಾಕೆ ಬಾಗಿಲು ತೆಗೀಲಿಲ್ಲ ಅಂತ ಕೇಳ್ತಾರಲ್ಲ, ಏನು ಹೇಳ್ಲಿ?" ಅಂದಳು. ನನ್ನ ಹಲ್ಲಿನ ವಿಷಯ ಎತ್ತಿದರೆ, "ನಿಂದು ನೀನೇ ಮಾಡ್ಕೋ, ನಿಂಗೆ ಬರತ್ತಲ್ಲ" ಎಂದು ಮುಖ ತಿರುಗಿಸಿದಳು.

ಮೂಟೆ ಮಾತ್ರ ಊರೆಲ್ಲ ಹೇಳಿಕೊಂಡು ತಿರುಗಿದ. ಖಾಲಿ ರೂಮು ಕಾಯುತ್ತಿದ್ದ ಹುಚ್ಚಿಗೆ ಬುದ್ಧಿ ಕಲಿಸಿದೆ ಅಂತ. ಟೀ ಅಂಗಡಿಯಲ್ಲಿ ಅದನ್ನು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಬಾಯಿ ಬಿಡುವ ಹಾಗಿರಲಿಲ್ಲ. ಬಿಟ್ಟರೆ ಇನ್ನೊಂದು ಹಲ್ಲೂ ಹೋಗುತ್ತಿತ್ತು.

ಏಳು ತಿಂಗಳಾದ ಮೇಲೆ ಹುಡುಗಿಯ ಮಾತ್ರೆ ಮುಗಿಯಿತು. ಕಾಯಿಲೆ ಪೂರ್ತಿ ಹೋಗಿದೆ ಎಂಬ ಕಾಗದ ಸಿಕ್ಕ ದಿನವೇ ಅವಳು ಯಾರನ್ನೂ ಕೇಳದೆ ವಾಚ್ ಅಂಗಡಿಗೆ ಹೋಗಿ ಅಣ್ಣನ ಮುಂದೆ ಎಲ್ಲ ಹೇಳಿಬಿಟ್ಟಳು. ಮರುದಿನ ಬೆಳಿಗ್ಗೆ ಅಣ್ಣತಮ್ಮ ಇಬ್ಬರೂ ಬಂದರು. ಅಣ್ಣನ ಮುಖದಲ್ಲಿ ರಕ್ತ ತುಂಬಿಕೊಂಡಿತ್ತು, ಕಿಡ್ನಿ ಚೆನ್ನಾಗಿ ಕೂತಿದೆಯಂತೆ. ಅವನ ಕೈ ತಮ್ಮನ ಹೆಗಲ ಮೇಲಿತ್ತು. ಮೂಟೆ ಇಂಚಕ್ಕನ ಸ್ಟೂಲಿನ ಮುಂದೆ ನಿಂತು, ಅವಳ ಸೊಟ್ಟ ಬೆರಳು ನೋಡಿದ, ಕಣ್ಣು ತೆಗೆದ. ಅಳು ಬರಬೇಕಾದಲ್ಲಿ ಅವನಿಗೆ ಬಂದದ್ದು ಸಿಟ್ಟು.

"ಒಂದು ಮಾತು ಹೇಳ್ಬಾರ್ದಿತ್ತಾ? ಒಂದೇ ಒಂದು ಮಾತು ಹೇಳಿದ್ರೆ ನಿಲ್ಸಿಬಿಡ್ತಿದ್ದೆ. ನಿಮ್ಮ ಮೈ ಮುಟ್ತಿರ್ಲಿಲ್ಲ!"

"ನನ್ನ ಮೈ ಮುಟ್ತಿರ್ಲಿಲ್ಲ, ಸರಿ," ಅಂದಳು ಇಂಚಕ್ಕ. "ಅವಳು ಹತ್ತು ಹೆಜ್ಜೆ ಆಚೆ ಈ ಸುಣ್ಣದಣ್ಣನ ರೂಮಲ್ಲಿ ಮಲಗಿದ್ಲು. ಅವಳನ್ನ ಏನು ಮಾಡ್ತಿದ್ದೆ?"

ಮೂಟೆ ನನ್ನ ಕೋಣೆಯ ಬಾಗಿಲ ಕಡೆ ತಿರುಗಿದ. ಬಹಳ ಹೊತ್ತು ನೋಡಿದ. ಸುಳ್ಳು ಹೇಳುವವನಾಗಿದ್ದರೆ ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.

"ಕೊಂದುಹಾಕ್ತಿದ್ದೆ," ಅಂದ. ದನಿ ಅವನಿಗೇ ಕೇಳಿಸಿತೋ ಇಲ್ಲವೋ.

"ಹೂಂ. ಅದಕ್ಕೇ," ಅಂದಳು ಇಂಚಕ್ಕ.

ಅಣ್ಣನ ಕೈ ತಮ್ಮನ ಹೆಗಲಿಂದ ಕೆಳಗಿಳಿಯಿತು. ಮೂಟೆ ನೆಲದ ಮೇಲೆ ಕುಸಿದು, ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತ. ಅಣ್ಣ ಮತ್ತೆ ಅವನನ್ನು ಮುಟ್ಟಲು ತುಂಬ ಹೊತ್ತು ಹಿಡಿಯಿತು.